ಅಶ್ವಚಿಕಿತ್ಸೆಯಲ್ಲಿ ಸಾಧ್ಯಾಸಾಧ್ಯವಿಚಾರ

ವ್ಯಾಧಿಯನ್ನು ಕೈಗೆತ್ತಿಕೊಳ್ಳುವುದಕ್ಕೆ ಮೊದಲು ಅದು ಸಾಧ್ಯವೋ ಅಸಾಧ್ಯವೋ ಎಂಬುದನ್ನು ವೈದ್ಯನು ನಿಶ್ಚಯಿಸಿಕೊಳ್ಳತಕ್ಕದ್ದೆಂದು ಆಯುರ್ವೇದದ ಆಕರಗ್ರಂಥಗಳು ವಿಧಿಸುತ್ತವೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ವ್ಯಾಧಿಗಳನ್ನು ಸುಖಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಪ್ರತ್ಯಾಖ್ಯೇಯ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಸುಲಭವಾಗಿ ಗುಣವಾಗತಕ್ಕದ್ದು ಮೊದಲನೆಯದು. ಬಹು ಕಷ್ಟದಿಂದ ಗುಣವಾಗತಕ್ಕದ್ದು ಎರಡನೆಯದು. ಪೂರ್ಣವಾಗಿ ಗುಣವಾಗದಿದ್ದರೂ ಚಿಕಿತ್ಸೆ ನಡೆಯುವಷ್ಟು ಕಾಲ ತಡೆದು ನಿಲ್ಲಿಸಬಹುದಾದದ್ದು ಮೂರನೆಯದು. ವೈದ್ಯನು ಕೈಬಿಡತಕ್ಕದ್ದು ನಾಲ್ಕನೆಯದು. ಅಸಾಧ್ಯವಾದ ವ್ಯಾಧಿಗೆ ಕೈಹಾಕಿದವನಿಗೆ ಧನ, ವಿದ್ಯೆ, ಯಶಸ್ಸುಗಳ ಹಾನಿಯುಂಟಾಗುವುದೆಂದು ಚರಕನು ಎಚ್ಚರಿಸುತ್ತಾನೆ. ಈ ಹಾನಿಯೆಲ್ಲವೂ ವೈದ್ಯನಿಗೆ ಸಂಬಂಧಿಸಿದುದೆಂಬುದು ಗಮನಾರ್ಹವಾಗಿದೆ. ರೋಗಿಯು ಮನುಷ್ಯನಾಗಿದ್ದಲ್ಲಿ, ವೈದ್ಯನು ಕೈಬಿಟ್ಟ ಬಳಿಕ ನಡೆಯಬೇಕಾದುದು ದೈವಾಧೀನವೆಂದು ಅಷ್ಟಕ್ಕೆ ನಿಲ್ಲಿಸಬಹುದು. ರೋಗಿಯು ಕುದುರೆಯಾಗಿದ್ದಲ್ಲಿ ಹಾಗೆ ನಿಲ್ಲಿಸಲು ಬರುವುದಿಲ್ಲ. ಅದರ ನೋವನ್ನು ಎಲ್ಲಿಯವರೆಗೆ ಮುಂದುವರಿಯಗೊಡಬೇಕು, ಎಲ್ಲಿಗೆ ಮುಗಿಸಬೇಕು ಎಂಬುದನ್ನು ಅದರ ಪರವಾಗಿ ಮತ್ತೊಬ್ಬನು ನಿರ್ಣಯಿಸಬೇಕಾಗುವುದು.

ಅಶ್ವವೈದ್ಯವು ಭರತಖಂಡದಲ್ಲಿ ಬಹು ಪ್ರಾಚೀನವಾದ ವಿದ್ಯೆ. ಶಾಲಿಹೋತ್ರನ ಹೆಸರು ಕುದುರೆವೈದ್ಯಕ್ಕೇ ಪರ್ಯಾಯವಾಗಿ ನಿಂತಿದೆ. ವಿರಾಟನ ಲಾಯದಲ್ಲಿ ಗ್ರಂಥಿಕನೆಂಬ ಹೆಸರಿನಿಂದಿದ್ದ ನಕುಲನಿಗೂ ಒಂದು ಅಶ್ವಚಿಕಿತ್ಸಾಗ್ರಂಥವನ್ನು ಆರೋಪಿಸುವುದುಂಟು. ಕನ್ನಡದಲ್ಲಿ ಅಭಿನವಚಂದ್ರನ ಅಶ್ವವೈದ್ಯ, ಪದ್ಮಣಪಂಡಿತನ ಹಯಸಾರಸಮುಚ್ಚಯ ಎಂಬಿವು ಸಾಹಿತ್ಯಚರಿತ್ರೆಯನ್ನು ಬಲ್ಲವರಿಗೆ ಪರಿಚಿತವೇ. ಈ ಶಾಸ್ತ್ರಗಳ ಸ್ಥೂಲಪರಿಚಯವು ಇಲ್ಲಿ ಉದ್ದಿಷ್ಟವಲ್ಲ. ಕಾಲು ಮುರಿದ ಕುದುರೆಗೆ ಎಷ್ಟು ಕಾಲ ಚಿಕಿತ್ಸೆ ನಡೆಸಬೇಕೆಂಬ ಒಂದೇ ಪ್ರಶ್ನೆಯನ್ನು ಎತ್ತಿಕೊಂಡು, ಮೇಲೆ ಹೇಳಿದ ಚತುರ್ವಿಧ ವಿಭಾಗವು ಅದಕ್ಕೆ ಹೇಗೆ ಅನ್ವಯಿಸುವುದೆಂಬುದನ್ನು ಪರಿಶೀಲಿಸುವುದಷ್ಟೇ ಉದ್ದೇಶ.

ಮಹಾಭಾರತದ ದ್ರೋಣಪರ್ವದಲ್ಲಿ, ಜಯದ್ರಥವಧೆಯ ದಿನ, ಅರ್ಜುನನ ರಥಾಶ್ವಗಳು ಬಾಣಗಳಿಂದ ನೊಂದು ಬಳಲುತ್ತವೆ. ಅರ್ಜುನನು ನೆಲವನ್ನು ಭೇದಿಸಿ ನೀರನ್ನು ತರುತ್ತಾನೆ. ಕೃಷ್ಣನು ರಣಮಧ್ಯದಲ್ಲಿಯೇ ಕುದುರೆಗಳನ್ನು ಬಿಚ್ಚಿ, ನಾಟಿದ ಶಲ್ಯಗಳನ್ನು ಕಿತ್ತು, ಮೈಯನ್ನು ಕೈಯಿಂದ ನೀವಿ, ನೀರು ಕುಡಿಸಿ ಮತ್ತೆ ರಥಕ್ಕೆ ಹೂಡುತ್ತಾನೆ. ಪುರಾಣದ ಅತಿಶಯವನ್ನು ಬದಿಗಿಟ್ಟು ನೋಡಿದರೂ ಇದು ಒಳ್ಳೆಯ ಸಾರಥ್ಯದ ಚಿತ್ರ. ಆದರೆ ಅಲ್ಲಿನ ಗಾಯಗಳು ಮಾಂಸದ ಗಾಯಗಳು. ಕುದುರೆಯ ಮಾಂಸವು ಬೇಗನೆ ಕೂಡಿಕೊಳ್ಳುವುದು. ಎದೆಯಲ್ಲಿಯೂ ತೊಡೆಯಲ್ಲಿಯೂ ಆದ ಭಯಂಕರವಾದ ಹರಕುಗಳು ಕೂಡ ತಿಂಗಳೊಪ್ಪತ್ತಿನಲ್ಲಿ ಮುಚ್ಚಿಕೊಳ್ಳುವುದುಂಟು. ಎಲುಬಿನ ಸಂಗತಿಯೇ ಬೇರೆ.

ಕುದುರೆಯ ತೂಕವು ಸಾಮಾನ್ಯವಾಗಿ 450ರಿಂದ 550 ಕಿಲೋಗ್ರಾಂ. ಇದರಲ್ಲಿ ನೂರಕ್ಕೆ ಸುಮಾರು ಅರುವತ್ತು ಪಾಲು ಮುಂಗಾಲುಗಳ ಮೇಲೆ ಬೀಳುವುದು. ಈ ಪ್ರಾಣಿಯು ಒಂದೊಂದು ಕಾಲಿನಲ್ಲಿಯೂ ಒಂದೇ ಬೆರಳಿನ ತುದಿಯ ಮೇಲೆ ನಿಂತಿರುವುದೆಂದರೆ ತಪ್ಪಾಗದು. ಆ ಬೆರಳಿನ ಉಗುರೇ ಗೊರಸು. ಮೊಣಕಾಲಿನಿಂದ ಕೆಳಕ್ಕೆ ಮಾಂಸವೆಂಬುದೇ ಇಲ್ಲವೆನ್ನಬಹುದು. ಎಲುಬು, ನರದಂತೆ ಬಿಗಿದ ಸ್ನಾಯುರಜ್ಜುಗಳು, ಅವುಗಳ ಮೇಲೆ ಚರ್ಮ, ಇಷ್ಟೆ. ಆದಕಾರಣ ಅಲ್ಲಿ ಮುರಿದ ಎಲುಬಿನ ಮೊನೆಯು ಚರ್ಮವನ್ನು ಸೀಳಿಕೊಂಡು ಹೊರಬರುವುದು ಸುಲಭ. ರಕ್ತಸಂಚಾರವು ಅಲ್ಪವಾದುದರಿಂದ ಕೂಡಿಕೊಳ್ಳುವುದು ಕಷ್ಟ. ಕೀವು ಕೂಡಿದರಂತೂ ಮತ್ತಷ್ಟು ಕಷ್ಟ. ಕಾಲು ಮುರಿದ ಮನುಷ್ಯನನ್ನು ಹಾಸಿಗೆಯಲ್ಲಿ ಮಲಗಿಸಬಹುದು. ಕುದುರೆಯನ್ನು ಹಾಗೆ ಬಹುಕಾಲ ಮಲಗಿಸಿಡಲಾಗದು. ತನ್ನ ಭಾರದಿಂದಲೇ ಅದರ ಮಾಂಸಖಂಡಗಳು ಜಜ್ಜಿಹೋಗುವುವು, ಶ್ವಾಸಕೋಶಗಳು ಒತ್ತಲ್ಪಡುವುವು, ಮೈ ಹುಣ್ಣಾಗುವುದು. ಅಲ್ಲದೆ ಅದು ಓಡಿ ಬದುಕುವ ಜಾತಿಯ ಪ್ರಾಣಿ; ನೆಲಕ್ಕೆ ಬಿದ್ದಿರುವುದೆಂದರೆ ಅದಕ್ಕೆ ಪ್ರಾಣಭಯ.

ಹಾಗಾದರೆ ನಿಲ್ಲಿಸಿಯೇ ಚಿಕಿತ್ಸೆ ಮಾಡಬೇಕು. ನಿಂತ ಕುದುರೆಯು ನೊಂದ ಕಾಲಿನ ಭಾರವನ್ನೆಲ್ಲ ಜೊತೆಯ ಕಾಲಿಗೆ ದಾಟಿಸುವುದು. ಅನರ್ಥದ ಬೀಜವು ಇಲ್ಲಿದೆ. ಗೊರಸಿನ ಒಳಗಿರುವ ಎಲುಬನ್ನು ಗೊರಸಿನ ಗೋಡೆಗೆ ಹಿಡಿದು ನಿಲ್ಲಿಸಿರುವುದು ಪುಸ್ತಕದ ಹಾಳೆಗಳಂತೆ ಒಂದರೊಳಗೊಂದು ಸೇರಿಕೊಂಡ ಸೂಕ್ಷ್ಮವಾದ ಪೊರೆಗಳು. ಕಾಲನ್ನು ಊರಿ ಎತ್ತಿ, ಊರಿ ಎತ್ತಿ ನಡೆಯುವಾಗಲೇ ಈ ಪೊರೆಗಳಿಗೆ ರಕ್ತವು ಸರಿಯಾಗಿ ಒದಗುವುದು. ಒಂದೇ ಕಾಲಿನ ಮೇಲೆ ಹಗಲಿರುಳು ಭಾರ ನಿಂತರೆ ರಕ್ತವು ಸಾಲದೆ ಪೊರೆಗಳು ಸತ್ತು ಬಿಡಿಸಿಕೊಳ್ಳುತ್ತವೆ. ಒಳಗಣ ಎಲುಬು ಜಾರಿ ಕೆಳಗಿಳಿಯುವುದು, ಇಲ್ಲವೆ ಓರೆಯಾಗಿ ತಿರುಗುವುದು. ಪಾಶ್ಚಾತ್ಯ ವೈದ್ಯರು ಲ್ಯಾಮಿನೈಟಿಸ್ ಎಂದು ಕರೆಯುವ ಈ ವ್ಯಾಧಿಯ ನೋವಿಗೆ ಸಮನಾದದ್ದು ಕುದುರೆಯ ಜೀವನದಲ್ಲಿ ವಿರಳ. ಹೀಗೆ, ಮುರಿದ ಕಾಲಿನ ಭವಿಷ್ಯವು ಮುರಿಯದ ಕಾಲಿನಲ್ಲಿ ನಿಂತಿದೆ. ಸಾಧ್ಯಾಸಾಧ್ಯವನ್ನು ಗಾಯವೊಂದನ್ನೇ ನೋಡಿ ನಿರ್ಣಯಿಸುವವನು ಅರ್ಧವನ್ನು ಮಾತ್ರ ನೋಡಿದಂತಾಯಿತು.

ಇದಕ್ಕೆ ಬಾರ್ಬರೋ ಎಂಬ ಅಮೆರಿಕದ ಜೂಜುಗುದುರೆಯ ವೃತ್ತಾಂತಕ್ಕಿಂತ ಸ್ಫುಟವಾದ ನಿದರ್ಶನವು ದೊರೆಯದು. 2006ರ ಮೇ ತಿಂಗಳ ಮೊದಲಲ್ಲಿ ಕೆಂಟಕಿ ಡರ್ಬಿಯನ್ನು ಗೆದ್ದಿದ್ದ ಈ ಕುದುರೆಯು ಅದೇ ತಿಂಗಳ 20ರಂದು ಬಾಲ್ಟಿಮೋರ್ ನಗರದ ಪಿಮ್ಲಿಕೋ ಮೈದಾನದಲ್ಲಿ, ಪ್ರೀಕ್‌ನೆಸ್ ಪಂದ್ಯವು ಆರಂಭವಾದ ಕೆಲವೇ ಕ್ಷಣಗಳಲ್ಲಿ, ಬಲಗಡೆಯ ಹಿಂಗಾಲನ್ನು ಮುರಿದುಕೊಂಡಿತು. ಗೊರಸಿನ ಮೇಲಣ ಗೆಣ್ಣು ತಪ್ಪಿಹೋಗಿತ್ತು. ಅದರ ಕೆಳಗಣ ಎಲುಬು ಇಪ್ಪತ್ತಕ್ಕೂ ಹೆಚ್ಚು ಚೂರುಗಳಾಗಿತ್ತು. ಇಂಥ ಗಾಯಕ್ಕೆ ಮೈದಾನದಲ್ಲಿಯೇ ಪ್ರಾಣವನ್ನು ತೆಗೆಯುವುದು ವಾಡಿಕೆ. ಮಾಲೀಕರಾದ ಜ್ಯಾಕ್ಸನ್ ದಂಪತಿಗಳು ಅದಕ್ಕೊಪ್ಪದೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ನ್ಯೂ ಬೋಲ್ಟನ್ ಪಶುವೈದ್ಯಾಲಯಕ್ಕೆ ಸಾಗಿಸಿದರು. ಮರುದಿನ ಡೀನ್ ರಿಚರ್ಡ್‌ಸನ್ ಎಂಬ ಶಸ್ತ್ರವೈದ್ಯರು ಲೋಹದ ಪಟ್ಟಿಯನ್ನಿಟ್ಟು 27 ತಿರುಪುಮೊಳೆಗಳಿಂದ ಚೂರುಗಳನ್ನು ಬಂಧಿಸಿದರು. ಕುದುರೆಯು ಎಚ್ಚರಗೊಳ್ಳುವಾಗ ಕಾಲು ಬಡಿದು ಮತ್ತೆ ಮುರಿದುಕೊಳ್ಳದಂತೆ ಅದನ್ನು ನೀರಿನ ಕೊಳದಲ್ಲಿ ತೆಪ್ಪದ ಮೇಲೆ ತೇಲಿಸಿ ಎಚ್ಚರಿಸಿದರು. ಈ ಎಚ್ಚರಿಕೆಗೆ ಕಾರಣವಿತ್ತು: 1975ರ ಜುಲೈ 6ರಂದು ಬೆಲ್ಮಾಂಟ್ ಮೈದಾನದಲ್ಲಿ ಮುಂಗಾಲು ಮುರಿದುಕೊಂಡ ರಫಿಯನ್ ಎಂಬ ಹೆಣ್ಣುಗುದುರೆಯು ಶಸ್ತ್ರಕ್ರಿಯೆಯ ಬಳಿಕ ಅಮಲಿನಿಂದೇಳುತ್ತ ಬಿದ್ದಲ್ಲಿಯೇ ಓಡಲೆಳಸಿ, ಕಟ್ಟನ್ನೂ ಕಾಲನ್ನೂ ಚೂರುಮಾಡಿಕೊಂಡಿತು, ಆ ರಾತ್ರಿ ಕಳೆಯುವುದರೊಳಗಾಗಿ ಅದನ್ನು ಕೊಲ್ಲಬೇಕಾಯಿತು.

ಬಾರ್ಬರೋ ಮೊದಲ ಏಳು ವಾರಗಳನ್ನು ಚೆನ್ನಾಗಿಯೇ ಕಳೆಯಿತು. ಮೇವು ತಿಂದಿತು, ಆಳುಗಳನ್ನು ಕಂಡು ಕಿವಿ ನಿಮಿರಿಸಿತು. ಜುಲೈ ತಿಂಗಳಲ್ಲಿ, ಏನೂ ಆಗಿಲ್ಲದ ಎಡಗಡೆಯ ಹಿಂಗಾಲಿಗೆ ಗೊರಸಿನ ರೋಗವು ಹಿಡಿಯಿತು. ಗೊರಸಿನ ಗೋಡೆಯಲ್ಲಿ ನೂರಕ್ಕೆ ಎಂಬತ್ತು ಪಾಲನ್ನು ಕತ್ತರಿಸಿ ತೆಗೆಯಬೇಕಾಯಿತು. ಅಲ್ಲಿಂದ ಮುಂದೆಯೂ ಕುದುರೆಯು ಚೇತರಿಸಿಕೊಂಡಿತು; ನವೆಂಬರಿನಲ್ಲಿ ಬಲಗಾಲಿನ ಕಟ್ಟನ್ನು ಬಿಚ್ಚಿದರು; ವೈದ್ಯಾಲಯದಿಂದ ಹೊರಗೆ ಕಳುಹಿಸುವ ಮಾತು ಕೂಡ ನಡೆಯಿತು. 2007ರ ಜನವರಿಯಲ್ಲಿ ಎಡಗೊರಸು ಮತ್ತೆ ಕೆಟ್ಟಿತು. ಅದನ್ನು ತಪ್ಪಿಸಲು ಭಾರವನ್ನು ಬಲಗಾಲಿಗೆ ಹಾಕಿತು. ಅಲ್ಲಿ ಬಾವು ಎದ್ದಿತು. ಹಿಂಗಾಲುಗಳೆರಡೂ ಸೋಲಲು ಮುಂಗಾಲುಗಳ ಗೊರಸುಗಳಿಗೂ ರೋಗವು ವ್ಯಾಪಿಸಿತು. ಜನವರಿ 29ರಂದು, ಗಾಯವಾದ 254ನೆಯ ದಿನ, ಅದಕ್ಕೆ ಮದ್ದು ಕೊಟ್ಟು ಪ್ರಾಣವನ್ನು ತೆಗೆದರು. ಮೊದಲು ಮುರಿದಿದ್ದ ಎಲುಬು ಅಷ್ಟು ಹೊತ್ತಿಗೆ ಬಹುಮಟ್ಟಿಗೆ ಕೂಡಿಕೊಂಡಿತ್ತು.

ಈ ವೃತ್ತಾಂತವನ್ನು ಕುರಿತು ಎರಡು ಮಾತುಗಳು ಹುಟ್ಟಿದವು. ಮೊದಲ ದಿನವೇ ಮುಗಿಸಬೇಕಾಗಿತ್ತೆಂಬುದು ಒಂದು. ಎಂಟು ತಿಂಗಳು ಹೋರಾಡಿದ್ದು ಸರಿಯೆಂಬುದು ಇನ್ನೊಂದು. ಎರಡೂ ಅಂತ್ಯವನ್ನು ತಿಳಿದವರ ಮಾತುಗಳು. ಮೇ ತಿಂಗಳಲ್ಲಿ ಕೃಚ್ಛ್ರಸಾಧ್ಯವಾಗಿದ್ದುದು ಜುಲೈಯಲ್ಲಿ ಯಾಪ್ಯವಾಯಿತು, ಡಿಸೆಂಬರಿನಲ್ಲಿ ಮತ್ತೆ ಸಾಧ್ಯದಂತೆ ತೋರಿತು, ಜನವರಿ ಕಡೆಯಲ್ಲಿ ಪ್ರತ್ಯಾಖ್ಯೇಯವಾಯಿತು. ಶಾಸ್ತ್ರದ ನಾಲ್ಕು ವರ್ಗಗಳು ಗಾಯಗಳ ಜಾತಿಗಳಲ್ಲ. ಒಂದೇ ಗಾಯವು ಹಾದುಹೋಗಬಹುದಾದ ನಾಲ್ಕು ಅವಸ್ಥೆಗಳು ಎಂದು ತಿಳಿದರೆ ಮಾತ್ರ ಕುದುರೆಯ ವಿಷಯದಲ್ಲಿ ಅವು ಉಪಯೋಗಕ್ಕೆ ಬರುವುವು. ಯಾಪ್ಯವನ್ನು ಸುಶ್ರುತನು ಬೀಳಲಿರುವ ಮನೆಗೆ ಕೊಟ್ಟ ಊರೆಗಂಬಕ್ಕೆ ಹೋಲಿಸಿದ್ದಾನೆ. ಉಪಮೆಯು ಇಲ್ಲಿ ಅಕ್ಷರಶಃ ಸತ್ಯವಾಗಿದೆ. ಕುದುರೆಯ ಊರೆಗಂಬಗಳು ಅದರ ಮಿಕ್ಕ ಮೂರು ಕಾಲುಗಳೇ. ಊರೆ ಕೊಟ್ಟವನು ಮನೆಯನ್ನು ನೋಡುವಷ್ಟೇ ಕಂಬವನ್ನೂ ದಿನದಿನವೂ ನೋಡುತ್ತಿರಬೇಕಾಗುವುದು.

ಹೀಗೆ ನೋಡುವುದಕ್ಕೆ ಗುರುತುಗಳಿವೆ. ವಿಶ್ರಾಂತಿಯಲ್ಲಿರುವ ಕುದುರೆಯ ಹೃದಯವು ನಿಮಿಷಕ್ಕೆ 28ರಿಂದ 44 ಸಲ ಬಡಿಯುವುದು; ಮದ್ದನ್ನು ಕೊಟ್ಟ ಮೇಲೂ ಅದು 60ರ ಮೇಲೆಯೇ ನಿಂತರೆ ನೋವು ಹತೋಟಿಗೆ ಬಂದಿಲ್ಲವೆಂದು ಶಂಕಿಸಬೇಕು. ಗೊರಸಿನ ಮೇಲೆ ನಾಡಿಯು ಬಲವಾಗಿ ಹಾರುವುದು, ಗೊರಸು ಬಿಸಿಯಾಗುವುದು, ನಿಂತಲ್ಲಿ ಕಾಲಿನಿಂದ ಕಾಲಿಗೆ ಭಾರವನ್ನು ಬದಲಾಯಿಸುತ್ತಿರುವುದು, ಇವು ಜೊತೆಯ ಕಾಲು ಸೋಲುತ್ತಿರುವುದರ ಸೂಚನೆಗಳು. ಕ್ಷಕಿರಣಚಿತ್ರದಲ್ಲಿ ಒಳಗಣ ಎಲುಬು ಇಳಿದಿರುವುದು ಕಂಡರೆ ಸಂದೇಹಕ್ಕೆಡೆಯಿಲ್ಲ. ನೋವನ್ನು ಅಡಗಿಸುವ ಮದ್ದುಗಳೂ ನಿರಪಾಯವಲ್ಲ. ಬಹುಕಾಲ ಕೊಟ್ಟರೆ ಜಠರದಲ್ಲಿಯೂ ಕರುಳಿನಲ್ಲಿಯೂ ಹುಣ್ಣುಗಳನ್ನುಂಟುಮಾಡುವುವು. ಯಂತ್ರಕ್ಕೆ ಸಿಕ್ಕದ ಗುರುತುಗಳು ಲಾಯದ ಆಳಿಗೆ ಸಿಕ್ಕುವುದುಂಟು. ಹುಲ್ಲಿನ ಕಡೆಗೆ ತಲೆ ತಿರುಗಿಸಿತೋ ಗೋಡೆಯ ಕಡೆಗೋ, ಮಲಗಿ ನಿದ್ರಿಸಿತೋ ಏಳಲಾರದೆ ಬಿದ್ದಿತ್ತೋ ಎಂಬುದನ್ನು ರಾತ್ರಿಯೆಲ್ಲ ಹತ್ತಿರವಿದ್ದ ಅವನೇ ಬಲ್ಲನು. ಆತನ ಮಾತನ್ನು ಕೇಳದೆ ನಿರ್ಣಯಿಸುವ ವೈದ್ಯನು ಬುದ್ಧಿವಂತನಲ್ಲ.

ಅಮೆರಿಕದ ಅಶ್ವವೈದ್ಯರ ಸಂಘವು ಈ ವಿಷಯದಲ್ಲಿ ಕೆಲವು ಸೂತ್ರಗಳನ್ನು ಹಾಕಿಕೊಟ್ಟಿದೆ. ವಾಸಿಯಾಗದ ವ್ಯಾಧಿಯಿಂದ ನಿರಂತರವಾದ, ಹತೋಟಿಗೆ ಬಾರದ ನೋವನ್ನು ಕುದುರೆಯು ಸಹಿಸುವಂತಾಗಬಾರದು. ಉಳಿಯುವ ಆಸೆಯೇ ಇಲ್ಲದ ಸ್ಥಿತಿಯಲ್ಲಿ ಅದನ್ನು ಇಟ್ಟಿರಬಾರದು. ಜೀವಮಾನವೆಲ್ಲ ನೋವಿನ ಮದ್ದಿನಲ್ಲಿಯೇ, ಅಥವಾ ನೋವಿನ ನಿಮಿತ್ತ ಒಂಟಿ ಲಾಯದ ಸೆರೆಯಲ್ಲಿಯೇ ಕಳೆಯುವಂತೆ ಮಾಡಬಾರದು. ತನಗಾಗಲಿ ಪೋಷಕರಿಗಾಗಲಿ ಅಪಾಯವಾಗುವಂತೆ ಬಾಳಗೊಡಬಾರದು. ಮುಂದೆ ಓಡಬಲ್ಲುದೋ ಇಲ್ಲವೋ ಎಂಬ ಪ್ರಶ್ನೆಯು ಈ ಸೂತ್ರಗಳಲ್ಲಿ ಇಲ್ಲವೇ ಇಲ್ಲ.

ಆ ವಿವೇಕವು ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನ ಕರ್ತವ್ಯಗಳನ್ನು ಹೇಳುವೆಡೆ, ಯುದ್ಧದಿಂದಲೋ ವ್ಯಾಧಿಯಿಂದಲೋ ಮುಪ್ಪಿನಿಂದಲೋ ಕೆಲಸಕ್ಕೆ ಬಾರದಾದ ಕುದುರೆಗಳನ್ನು ಜೀವನಕ್ಕೆ ಬೇಕಾದಷ್ಟು ಆಹಾರ ಕೊಟ್ಟು ಸಾಕತಕ್ಕದ್ದೆಂದೂ, ಯುದ್ಧಕ್ಕೆ ಅನರ್ಹವಾದ ಗಂಡುಗುದುರೆಗಳನ್ನು ಪ್ರಜೆಗಳ ಹೆಣ್ಣುಗುದುರೆಗಳಿಗೆ ಬೀಜಕ್ಕಾಗಿ ಬಿಡತಕ್ಕದ್ದೆಂದೂ ವಿಧಿಸಿದೆ. ಚಿಕಿತ್ಸೆಯಲ್ಲಿ ವಿಳಂಬವಾಗಿ ರೋಗವು ಹೆಚ್ಚಿದರೆ ಚಿಕಿತ್ಸೆಯ ವೆಚ್ಚದ ಎರಡರಷ್ಟು ದಂಡ. ವೈದ್ಯನ ತಪ್ಪಿನಿಂದ ಪ್ರಾಣಿಯು ಹಾಳಾದರೆ ಅದರ ಬೆಲೆಯೇ ದಂಡ. ದಯೆಯ ಗ್ರಂಥವೆಂದು ಯಾರೂ ಹೇಳದ ಅರ್ಥಶಾಸ್ತ್ರವು ಉಪಯೋಗದ ಅಂತ್ಯವನ್ನೂ ಜೀವನದ ಅಂತ್ಯವನ್ನೂ ಬೇರೆಬೇರೆಯಾಗಿ ಕಂಡಿದೆ. ಜೂಜಿನ ಲಾಯಗಳಲ್ಲಿ ಇವೆರಡೂ ಒಂದಾಗಿಬಿಡುವುದುಂಟು. ಸ್ವಂತ ಕುದುರೆಯೊಡನೆ ಸೇವೆಗೆ ನಿಲ್ಲುತ್ತಿದ್ದ ಹಿಂದಿನ ಸಿಲ್ಲೇದಾರನಿಗೆ ಕುದುರೆಯ ಕಾಲೇ ಜೀವನೋಪಾಯವಾಗಿತ್ತು. ಅಂಥವನು ಆಸೆಯನ್ನು ಬೇಗ ಬಿಡಲಾರನು. ಹಣವುಳ್ಳವನು ವೆಚ್ಚಕ್ಕೆ ಹಿಂಜರಿಯದೆ, ಇಲ್ಲದವನು ವೆಚ್ಚಕ್ಕೆ ಹೆದರಿ, ಇಬ್ಬರೂ ಕಾಲವನ್ನು ತಪ್ಪಿ ನಿರ್ಣಯಿಸಬಹುದು.

ಕೊಲ್ಲುವುದು ಹಿಂಸೆಯಲ್ಲವೆ ಎಂಬ ಆಕ್ಷೇಪವು ಈ ದೇಶದಲ್ಲಿ ಸಹಜ. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ವಾಸಿಯಾಗದ ಯಾತನೆಯಲ್ಲಿದ್ದ ಕರುವೊಂದಕ್ಕೆ ಗಾಂಧೀಜಿಯವರು ವೈದ್ಯರಿಂದ ಮದ್ದು ಚುಚ್ಚಿಸಿ ಪ್ರಾಣವನ್ನು ಬಿಡಿಸಿದಾಗ ಎದ್ದ ಕೋಲಾಹಲವು ಪ್ರಸಿದ್ಧ. ಬಿಟ್ಟಿದ್ದರೆ ಹಿಂಸೆ ನಿಲ್ಲುತ್ತಿರಲಿಲ್ಲವೆಂಬುದೇ ಅವರ ಉತ್ತರದ ತಿರುಳು. 1960ರ ಪ್ರಾಣಿಹಿಂಸಾ ನಿವಾರಣಾ ಶಾಸನದ 13ನೆಯ ಪ್ರಕರಣವೂ ಇದೇ ಹಾದಿಯಲ್ಲಿದೆ. ಪ್ರಾಣಿಯನ್ನು ಜೀವದಿಂದಿಡುವುದೇ ಕ್ರೌರ್ಯವಾಗುವುದೋ ಎಂಬುದು ಅಲ್ಲಿ ನ್ಯಾಯಾಧಿಕಾರಿಯು ಕೇಳಬೇಕಾದ ಪ್ರಶ್ನೆ. ಮಾಲೀಕನು ಇಲ್ಲದಿರುವಾಗ ಅಥವಾ ಒಪ್ಪದಿರುವಾಗ ಪಶುವೈದ್ಯಾಧಿಕಾರಿಯ ಪ್ರಮಾಣಪತ್ರವೂ ಮ್ಯಾಜಿಸ್ಟ್ರೇಟರ ಆಜ್ಞೆಯೂ ಬೇಕೆಂದು ವಿಧಿಸಿ, ಒಬ್ಬನ ಆತುರಕ್ಕೆ ಅವಕಾಶವಿಲ್ಲದಂತೆ ಮಾಡಿದೆ.

ಶಸ್ತ್ರಕ್ರಿಯೆಗೆ ಮುನ್ನವೇ ಮಾಲೀಕನೂ ವೈದ್ಯನೂ ಕುಳಿತು, ಯಾವ ಗುರುತು ಕಂಡರೆ ನಿಲ್ಲಿಸಬೇಕು, ಎಷ್ಟು ದಿನಗಳಿಗೊಮ್ಮೆ ಮತ್ತೆ ವಿಚಾರಿಸಬೇಕು ಎಂಬುದನ್ನು ಮಾತಾಡಿಕೊಂಡು ಬರೆದಿಟ್ಟುಕೊಂಡರೆ ಮುಂದೆ ಸಹಾಯವಾಗುವುದು. ವಾರಗಟ್ಟಲೆ ಹತ್ತಿರವಿದ್ದು ಉಪಚರಿಸಿದವನ ಕಣ್ಣಿಗೆ ದಿನದಿನದ ಇಳಿಮುಖವು ಕಾಣಿಸದೆ ಹೋಗಬಹುದು. ಚಿತ್ತವು ಸ್ವಸ್ಥವಾಗಿದ್ದಾಗ ಬರೆದ ಚೀಟಿಯು ಆಗ ಅವನ ಕೈಯಲ್ಲಿರುವುದು.