ಓದು ಯಾರಿಗೂ ಹುಟ್ಟಿನಿಂದ ಬಂದದ್ದಲ್ಲ

ಓದು ಒಳ್ಳೆಯದು ಎಂಬುದನ್ನು ಒಪ್ಪದವರು ನಮ್ಮಲ್ಲಿ ಯಾರೂ ಇಲ್ಲ. ಶಾಲೆಯ ಗೋಡೆಯ ಮೇಲೂ ವಾರ್ಷಿಕೋತ್ಸವದ ಭಾಷಣದಲ್ಲೂ ಅದರ ಹೊಗಳಿಕೆ ಇದ್ದೇ ಇರುತ್ತದೆ. ಆದರೆ ಓದು ಬರುವುದು ಹೇಗೆ, ಅದಕ್ಕೆ ಏನೇನು ಬೇಕು ಎಂಬ ವಿಷಯಕ್ಕೆ ಬಂದರೆ ಚೆನ್ನಾಗಿ ಓದಿಕೊಂಡವರೂ ಕೆಲವು ತಪ್ಪು ನಂಬಿಕೆಗಳನ್ನು ಬಿಟ್ಟಿಲ್ಲ. ಅದರ ಪೆಟ್ಟು ಬೀಳುವುದು ಮಕ್ಕಳಿಗೆ, ಮತ್ತು ತಡವಾಗಿ ಅಕ್ಷರ ಕಲಿಯಲು ಕೂತ ದೊಡ್ಡವರಿಗೆ.

“ಸಹಿ ಹಾಕಲು ಬಂದರೆ ಸಾಕು”

ಓದು ಎಂದರೆ ಬಿಡುವಿದ್ದವರ ಹವ್ಯಾಸ ಎಂದುಕೊಂಡವರು ಒಮ್ಮೆ ನಾಡಕಚೇರಿಯ ಮುಂದೆ ನಿಂತು ನೋಡಬೇಕು. ಓದು ಬಾರದ ಹೆಂಗಸು ಪಹಣಿ ತೆಗೆಸಿಕೊಂಡು ಹೊರಗೆ ಬಂದವಳೇ ಓದಿ ಹೇಳುವವರಿಗಾಗಿ ಸುತ್ತ ಕಣ್ಣಾಡಿಸುತ್ತಾಳೆ. 9ನೇ ಕಾಲಂನಲ್ಲಿ ತೀರಿಹೋದ ಗಂಡನ ಹೆಸರಿನ ಜಾಗಕ್ಕೆ ತನ್ನ ಹೆಸರು ಬಂದಿದೆಯೇ, 11ನೇ ಕಾಲಂನಲ್ಲಿ ತೀರಿಸಿದ ಸಾಲ ಇನ್ನೂ ಋಣವೆಂದೇ ಉಳಿದಿದೆಯೇ, ಇಷ್ಟನ್ನು ತಿಳಿಯಲು ಅವಳು ಇನ್ನೊಬ್ಬರ ಬಾಯಿಯನ್ನು ನಂಬಬೇಕು. ಆ ಇನ್ನೊಬ್ಬ ಸುಳ್ಳು ಹೇಳಿದರೂ ಅವಳಿಗೆ ಗೊತ್ತಾಗುವ ದಾರಿಯಿಲ್ಲ. ಹೆಬ್ಬೆಟ್ಟು ಬಿಟ್ಟು ಸಹಿ ಕಲಿತ ಮಾತ್ರಕ್ಕೆ ಈ ಪರಾಧೀನತೆ ಹೋಗುವುದಿಲ್ಲ. ಜನಗಣತಿಯ ಲೆಕ್ಕದಲ್ಲೂ ಸಾಕ್ಷರರೆಂದರೆ ಏಳು ವರ್ಷ ಮತ್ತು ಮೇಲ್ಪಟ್ಟವರಲ್ಲಿ ಯಾವುದಾದರೊಂದು ಭಾಷೆಯನ್ನು ಅರ್ಥಮಾಡಿಕೊಂಡು ಓದಿ ಬರೆಯಬಲ್ಲವರು. ‘ಅರ್ಥಮಾಡಿಕೊಂಡು’ ಎಂಬ ಷರತ್ತನ್ನು ನಾವು ಸಲೀಸಾಗಿ ಮರೆತುಬಿಡುತ್ತೇವೆ.

“ಓದುವ ತಲೆ ಹುಟ್ಟಿನಿಂದಲೇ ಬರಬೇಕು”

“ಅವರ ಮನೆಯವರಿಗೆ ಓದು ರಕ್ತದಲ್ಲೇ ಬಂದಿದೆ, ನಮ್ಮ ಹುಡುಗನ ತಲೆಗೆ ಅದು ಹತ್ತಲ್ಲ ಬಿಡಿ” ಎನ್ನುವ ಮಾತು ಊರೂರಲ್ಲೂ ಕೇಳುತ್ತದೆ. ಇದು ಪೂರಾ ತಪ್ಪು. ಮಾತನ್ನು ಮಗು ಸುತ್ತಲಿನವರಿಂದ ತಾನಾಗಿ ಎತ್ತಿಕೊಳ್ಳುತ್ತದೆ, ಓದನ್ನು ಹಾಗೆ ಎತ್ತಿಕೊಳ್ಳಲಾರದು. ಮನುಷ್ಯ ಬರೆಯಲು ಶುರು ಮಾಡಿ ಸುಮಾರು ಐದು ಸಾವಿರ ವರ್ಷವಷ್ಟೇ ಆಗಿದೆ. ಮಿದುಳಿನಲ್ಲಿ ಓದಿಗೆಂದೇ ಒಂದು ಜಾಗ ವಿಕಾಸವಾಗಲು ಅಷ್ಟು ಕಾಲ ಏನೇನೂ ಸಾಲದು. ಮತ್ತೆ ಓದುವುದು ಹೇಗೆ? ಮುಖ, ವಸ್ತು, ಆಕಾರಗಳನ್ನು ಗುರುತಿಸುವ ಭಾಗದಲ್ಲೇ, ಎಡ ಮಿದುಳಿನ ಅಡಿಯಲ್ಲಿ, ಅಕ್ಷರಗಳಿಗೆ ಒಂದಿಷ್ಟು ಜಾಗ ಮಾಡಿಕೊಡುತ್ತೇವೆ ಎಂದು ಫ್ರಾನ್ಸಿನ ನರವಿಜ್ಞಾನಿ ಸ್ಟಾನಿಸ್ಲಾಸ್ ದೆಹೆನ್ ವಿವರಿಸುತ್ತಾರೆ. ಅವರ ತಂಡ ಪೋರ್ಚುಗಲ್ ಮತ್ತು ಬ್ರೆಜಿಲ್‌ನ ವಯಸ್ಕರ ಮಿದುಳುಗಳನ್ನು ಹೋಲಿಸಿ ನೋಡಿತು. ಅವರಲ್ಲಿ ಶಾಲೆಯಲ್ಲಿ ಓದು ಕಲಿತವರಿದ್ದರು, ಅಕ್ಷರವೇ ತಿಳಿಯದವರಿದ್ದರು, ದೊಡ್ಡವರಾದ ಮೇಲೆ ಕಲಿತವರೂ ಇದ್ದರು. 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಆ ಅಧ್ಯಯನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೂರನೆಯ ಗುಂಪು. ಓದಿನಿಂದ ಮಿದುಳಿನಲ್ಲಾಗುವ ಬದಲಾವಣೆಗಳಲ್ಲಿ ಹೆಚ್ಚಿನವು ಅವರಲ್ಲೂ ಆಗಿದ್ದವು. ವಯಸ್ಕರ ಶಿಕ್ಷಣದ ತರಗತಿಗೆ ಹೊರಟ ಅಜ್ಜಿಯನ್ನು ನೋಡಿ “ಈ ವಯಸ್ಸಿಗೆ ಯಾಕಮ್ಮಾ” ಎನ್ನುವವರಿಗೆ ಈ ವಿಷಯ ತಿಳಿಸಬೇಕು.

“ಎರಡನೇ ಕ್ಲಾಸಾದರೂ ಓದಲು ಬರಲ್ಲ, ಹುಡುಗ ದಡ್ಡ”

ಕನ್ನಡದ ಮಗುವಿನ ಎದುರಿಗಿರುವ ಕೆಲಸ ಎಷ್ಟೆಂದು ಒಮ್ಮೆ ಲೆಕ್ಕ ಹಾಕಿ. ವರ್ಣಮಾಲೆಯಲ್ಲಿ 49 ಅಕ್ಷರ. ಅದಕ್ಕೆ ಕಾಗುಣಿತ ಸೇರಿದರೆ ಗುರುತಿಡಬೇಕಾದ ರೂಪಗಳು ನಾನೂರು ದಾಟುತ್ತವೆ. ಆಮೇಲೆ ಒತ್ತಕ್ಷರ. ‘ಸ್ತ್ರೀ’ ಎಂದು ಬರೆದದ್ದನ್ನು ಮಗುವಿನ ಕಣ್ಣಿನಿಂದ ನೋಡಿ: ಸ್ವರದ ಗುರುತು ಮೇಲೆ ‘ಸ’ದ ಜೊತೆಗಿದೆ, ‘ತ’ ಮತ್ತು ‘ರ’ ಒತ್ತುಗಳಾಗಿ ಕೆಳಗಿವೆ. ಉಚ್ಚರಿಸುವಾಗ ಮಾತ್ರ ಆ ‘ಈ’ಕಾರ ಎಲ್ಲಕ್ಕಿಂತ ಕಡೆಗೆ ಬರಬೇಕು. ‘ಸೂರ್ಯ’ದಲ್ಲಿ ಇನ್ನೊಂದು ತೊಡಕು: ‘ಯ’ ಬರೆದಾದ ಮೇಲೆ ಬರೆಯುವ ಅರ್ಕಾವತ್ತನ್ನು ‘ಯ’ಕ್ಕಿಂತ ಮೊದಲೇ ಓದಬೇಕು. ಬೆರಳಿಟ್ಟು ಓದುತ್ತಿದ್ದ ಮಗು “ಸೂ... ಯ...” ಎಂದು ತಡವರಿಸಿ ನಿಂತಿತು ಎಂದರೆ, ಅದು ಕಂಡದ್ದನ್ನು ಕಂಡ ಕ್ರಮದಲ್ಲೇ ಓದುತ್ತಿದೆ. ಅದಕ್ಕೆ ಬೇಕಾದ್ದು ಪಕ್ಕದಲ್ಲಿ ಕೂತು “ಈ ಗುರುತು ಮೊದಲು ಹೇಳು ಪುಟ್ಟಾ” ಎನ್ನುವವರು, ತಲೆಗೆ ಮೊಟಕುವವರಲ್ಲ.

ಕನ್ನಡದ ಮಕ್ಕಳ ಓದಿನ ಮೇಲೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸಿತು. ಇಂಗ್ಲಿಷಿನ ಅಕ್ಷರಗಳನ್ನು ಕಲಿಯಲು ಹಿಡಿಯುವುದಕ್ಕಿಂತ ಬಹಳ ಹೆಚ್ಚು ಕಾಲ ಕನ್ನಡದ ಅಕ್ಷರಗಳು ಕೈವಶವಾಗಲು ಬೇಕು. ಪ್ರಾಥಮಿಕ ಶಾಲೆಯ ಹಲವು ವರ್ಷ ಆ ಕಲಿಕೆ ನಡೆದೇ ಇರುತ್ತದೆ. ನಮ್ಮ ಪಠ್ಯಕ್ರಮವೋ ಅಷ್ಟು ಕಾಯುವುದಿಲ್ಲ. ಗ್ರಾಮೀಣ ಭಾರತದ ಮಕ್ಕಳನ್ನು ಓದಿಸಿ ನೋಡುವ ‘ಅಸರ್’ ಸಮೀಕ್ಷೆಯ 2022ರ ವರದಿಯಂತೆ, ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಶೇ. 42.8 ಮಾತ್ರ. ಅರ್ಧಕ್ಕಿಂತ ಹೆಚ್ಚು ಮಕ್ಕಳು ದಡ್ಡರಾಗಿರಲು ಸಾಧ್ಯವೇ? ಕಲಿಸುವ ಕೆಲಸ ಅರ್ಧಕ್ಕೆ ನಿಂತಿದೆ, ಅಷ್ಟೇ. ತಾಳ್ಮೆಯಿಂದ ಕಲಿಸಿದ ಮೇಲೂ ಕೆಲವು ಮಕ್ಕಳಿಗೆ ಅಕ್ಷರ ಮತ್ತು ಧ್ವನಿಯ ಕೊಂಡಿ ಕೂಡುವುದಿಲ್ಲ. ಅದು ಡಿಸ್ಲೆಕ್ಸಿಯಾ ಇರಬಹುದು. ಬುದ್ಧಿಮತ್ತೆಗೂ ಅದಕ್ಕೂ ಸಂಬಂಧವಿಲ್ಲ. ಬೈಗುಳದಿಂದ ಅದು ವಾಸಿಯಾಗುವುದಿಲ್ಲ, ತಿಳಿದವರ ನೆರವಿನಿಂದ ಮಗು ಓದು ಕಲಿಯುತ್ತದೆ.

“ಕಥೆ ಪುಸ್ತಕ ಹಿಡಿದರೆ ಪಾಠ ಕೆಟ್ಟಿತು”

ಪಠ್ಯಪುಸ್ತಕದ ನಡುವೆ ಕಥೆ ಪುಸ್ತಕ ಅಡಗಿಸಿಟ್ಟು ಓದಿ ಏಟು ತಿಂದ ತಲೆಮಾರುಗಳೇ ನಮ್ಮಲ್ಲಿವೆ. ಆ ಏಟು ಅನ್ಯಾಯದ್ದು. ಅಮೆರಿಕದಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬಿಬ್ಬರು ಸಂಶೋಧಕರು 64 ಮಕ್ಕಳಿಗೆ ಬೇಸ್‌ಬಾಲ್ ಪಂದ್ಯದ ವರ್ಣನೆಯೊಂದನ್ನು ಓದಲು ಕೊಟ್ಟರು. ಓದಿನ ಪರೀಕ್ಷೆಯಲ್ಲಿ ಹಿಂದಿದ್ದರೂ ಆಟ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರಿಗಿಂತ ಹೆಚ್ಚು ಗ್ರಹಿಸಿದ್ದರು. 1988ರಲ್ಲಿ ಪ್ರಕಟವಾದ ಈ ಅಧ್ಯಯನ ಹೇಳುವುದು ಇಷ್ಟು: ಓದಿದ್ದು ಅರ್ಥವಾಗುವುದು ಆ ವಿಷಯ ಮೊದಲೇ ಒಂದಿಷ್ಟು ತಿಳಿದಿದ್ದರೆ. ಆ ತಿಳಿವಳಿಕೆ ಸೇರುವುದು ಎಲ್ಲಿಂದ? ಮನಸ್ಸಿಗೆ ಬಂದ ಕಥೆ, ಪತ್ರಿಕೆಯ ಆಟದ ಪುಟ, ಪ್ರಾಣಿಪಕ್ಷಿಗಳ ಪುಸ್ತಕ, ಇಂಥವುಗಳಿಂದಲೇ. ಹತ್ತನೇ ತರಗತಿಯ ಸಮಾಜ ವಿಜ್ಞಾನದ ಪುಟ ಮಗುವಿಗೆ ಕಬ್ಬಿಣದ ಕಡಲೆಯಾಗುವುದಕ್ಕೆ ಎಷ್ಟೋ ಸಲ ಕಾರಣ, ಪಠ್ಯದ ಹೊರಗೆ ಅದು ಏನನ್ನೂ ಓದದೇ ಇದ್ದದ್ದು. ಕನ್ನಡದಲ್ಲಿ ಓದಿದರೆ ಇಂಗ್ಲಿಷ್ ಹಿಂದೆ ಬೀಳುತ್ತದೆ ಎಂಬ ಭಯಕ್ಕೂ ಇದೇ ಉತ್ತರ. ದ್ಯುತಿಸಂಶ್ಲೇಷಣೆ ಎಂದರೇನೆಂದು ಕನ್ನಡದಲ್ಲಿ ಅರ್ಥವಾದ ಮಗು ಇಂಗ್ಲಿಷಿನಲ್ಲಿ ಕಲಿಯಬೇಕಾದ್ದು ಹೆಸರನ್ನು ಮಾತ್ರ. ವಿಷಯ ಆಗಲೇ ಅದರದ್ದಾಗಿದೆ.

ಕೇಳಿದ್ದು ಓದಿನ ಲೆಕ್ಕಕ್ಕಿಲ್ಲ ಎನ್ನುವವರೂ ಇದ್ದಾರೆ. ಒಬ್ಬರು ರಾಗವಾಗಿ ವಾಚಿಸಿ ಇನ್ನೊಬ್ಬರು ಅರ್ಥ ಬಿಡಿಸುವ ಗಮಕದಿಂದ ಕುಮಾರವ್ಯಾಸ ಅಕ್ಷರ ಬಾರದವರ ಮನೆಮನಗಳನ್ನೂ ತಲುಪಿದ ನಾಡಿನಲ್ಲಿ ಈ ಮಾತು ಬರಬಾರದಿತ್ತು. ಒಂದೇ ಕಥೆಯನ್ನು ಓದಿದಾಗಲೂ ಕೇಳಿದಾಗಲೂ ಮಿದುಳಿನಲ್ಲಿ ಅರ್ಥ ಮೂಡುವ ಬಗೆ ಬಹುಮಟ್ಟಿಗೆ ಒಂದೇ ಎಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಸಂಶೋಧಕರು 2019ರಲ್ಲಿ ತೋರಿಸಿದ್ದಾರೆ. ಆದರೆ ಅಕ್ಷರ ಕಲಿಯುತ್ತಿರುವ ಮಗುವಿಗೆ ಬರೀ ಕೇಳಿಸಿದರೆ ಸಾಲದು. ಪುಸ್ತಕ ಇಬ್ಬರಿಗೂ ಕಾಣುವಂತೆ ಹಿಡಿದು, ಸಾಲಿನ ಕೆಳಗೆ ಬೆರಳು ಸರಿಸುತ್ತಾ ಓದಿ ಹೇಳಬೇಕು.

ಇನ್ನು ಮಬ್ಬು ಬೆಳಕಿನಲ್ಲಿ ಓದಿದರೆ ಕಣ್ಣು ಹೋಗುತ್ತದೆ ಎಂಬುದು. ಕಣ್ಣು ದಣಿಯುತ್ತದೆ ನಿಜ, ಶಾಶ್ವತವಾಗಿ ಕೆಡುವುದಿಲ್ಲ. ಮಕ್ಕಳ ಸಮೀಪದೃಷ್ಟಿಯ ಚಿಂತೆಯಿದ್ದರೆ ಹಗಲು ಹೊತ್ತು ಬಯಲಿನಲ್ಲಿ ಆಡಲು ಬಿಡಿ.

“ಹಿಂದೆ ಎಲ್ಲರೂ ಓದುತ್ತಿದ್ದರು, ಈಗ ಓದುವವರೇ ಇಲ್ಲ”

ಎಲ್ಲರೂ ಓದುತ್ತಿದ್ದರೆ ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಬೇಕಾಗಿತ್ತೇ? 1933ರಲ್ಲಿ ಧಾರವಾಡದಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ಒಬ್ಬೊಬ್ಬರನ್ನಾಗಿ ಕೂಡಿಸಿಕೊಂಡೇ ನಿಂತಿತು. 1951ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ಶೇ. 18.3, 2011ರಲ್ಲಿ ಕರ್ನಾಟಕದ್ದು ಶೇ. 75.4. ಓದಬಲ್ಲವರು ಇಷ್ಟೊಂದು ಇರುವ ಕಾಲ ಕನ್ನಡಕ್ಕೆ ಹಿಂದೆಂದೂ ಬಂದಿರಲಿಲ್ಲ. ಅವರ ಕೈಗೆ ಪುಸ್ತಕ ತಲುಪುತ್ತಿಲ್ಲ ಎನ್ನಿ, ಒಪ್ಪುತ್ತೇನೆ. ಅದು ಓದುಗರ ದೋಷವಲ್ಲ.

ತಲುಪಿಸಲು ದಾರಿಯೂ ಇದೆ. ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಹೆಸರು ಬರೆಸಲು ಆಧಾರ್ ಪ್ರತಿಗಿಂತ ಮುಖ್ಯವಾಗಿ ಬೇಕಾದ್ದು, ಮಗುವಿನ ಕೈ ಹಿಡಿದು ಅಲ್ಲಿಗೆ ಕರೆದೊಯ್ಯುವ ಒಬ್ಬ ಅಪ್ಪ ಅಥವಾ ಅಕ್ಕ. ಪುಸ್ತಕ ಹಳೆಯದಾಗಿದ್ದರೆ, ಬಾಗಿಲು ಹೊತ್ತಿಗೆ ತೆರೆಯದಿದ್ದರೆ, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಯಾರ ಉಪಕಾರವನ್ನೂ ನೀವು ಬೇಡುತ್ತಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆಯಂತೆ ಗ್ರಂಥಾಲಯ ಕರ ವಸೂಲಾಗುತ್ತದೆ. ಮನೆ ತೆರಿಗೆಯ ರಸೀದಿಯನ್ನು ಬಿಡಿಸಿ ನೋಡಿ, ಅದರಲ್ಲಿ ಆ ಬಾಬತ್ತು ಬೇರೆಯಾಗಿಯೇ ನಮೂದಾಗಿರುತ್ತದೆ.