ನಗ್ನತಾವಾದಿ ಚಳವಳಿಯ ಅಂತರರಾಷ್ಟ್ರೀಯ ಸಂಘಟನೆ

ನಗ್ನತಾವಾದ ಅಥವಾ ನೇಚರಿಸಂ ಎಂಬುದು ಸ್ತ್ರೀಪುರುಷರು, ಹಲವೊಮ್ಮೆ ಕುಟುಂಬ ಸಮೇತರಾಗಿ, ಅದಕ್ಕೆಂದೇ ಮೀಸಲಾದ ತಾಣಗಳಲ್ಲಿ ಉಡುಪಿಲ್ಲದೆ ಕಾಲ ಕಳೆಯುವುದನ್ನು ಆರೋಗ್ಯಕರ ಜೀವನಕ್ರಮವೆಂದು ಭಾವಿಸುವ ಚಳವಳಿ. 19ನೆಯ ಶತಮಾನದ ಕೊನೆಯಲ್ಲಿ ರೂಪುಗೊಂಡ ಈ ಚಳವಳಿಯು ಸ್ಥಳೀಯ ಸಂಘ, ರಾಷ್ಟ್ರೀಯ ಒಕ್ಕೂಟ ಮತ್ತು ಅಂತರರಾಷ್ಟ್ರೀಯ ಒಕ್ಕೂಟ ಎಂಬ ಮೂರು ಹಂತಗಳಲ್ಲಿ ಸಂಘಟಿತವಾಗಿದೆ. ಕರ್ನಾಟಕದಲ್ಲಿ ಪರಿಚಿತವಾಗಿರುವ ದಿಗಂಬರ ಪರಂಪರೆ ಹಾಗೂ ಬೆತ್ತಲೆ ಸೇವೆಗಳಿಗಿಂತ ಇದು ಉದ್ದೇಶದಲ್ಲಿಯೂ ವ್ಯವಸ್ಥೆಯಲ್ಲಿಯೂ ಭಿನ್ನವಾದುದು.

ಹಿನ್ನೆಲೆ

ದಾಖಲೆಗಳಿಂದ ತಿಳಿದುಬರುವ ಮೊದಲ ನಗ್ನತಾವಾದಿ ಸಂಘವು ಸ್ಥಾಪನೆಯಾದದ್ದು ಭಾರತದಲ್ಲಿ. ಬ್ರಿಟಿಷ್ ನ್ಯಾಯಾಧೀಶ ಚಾರ್ಲ್ಸ್ ಕ್ರಾಫರ್ಡ್ 1891ರಲ್ಲಿ ಮುಂಬಯಿ ಪ್ರಾಂತ್ಯದ ಠಾಣೆಯಲ್ಲಿ 'ಫೆಲೋಶಿಪ್ ಆಫ್ ದ ನೇಕೆಡ್ ಟ್ರಸ್ಟ್' ಎಂಬ ಕೂಟವನ್ನು ಆರಂಭಿಸಿದರು. ಅದರಲ್ಲಿದ್ದವರು ಮೂವರೇ ಸದಸ್ಯರು. ಕ್ರಾಫರ್ಡ್ ಅವರಿಗೆ ರತ್ನಾಗಿರಿಗೆ ವರ್ಗವಾದೊಡನೆ ಕೂಟವು ಕೊನೆಗೊಂಡಿತು. ಅವರು ಇಂಗ್ಲೆಂಡಿನ ಲೇಖಕ ಎಡ್ವರ್ಡ್ ಕಾರ್ಪೆಂಟರ್ ಅವರಿಗೆ ಬರೆದ ಪತ್ರಗಳಿಂದ ಈ ಸಂಗತಿ ತಿಳಿದುಬಂದಿದೆ.

ಚಳವಳಿಯು ವ್ಯಾಪಕವಾಗಿ ಬೆಳೆದದ್ದು ಜರ್ಮನಿಯಲ್ಲಿ. ಕೈಗಾರಿಕಾ ನಗರಗಳ ಹೊಗೆ ಮತ್ತು ಇಕ್ಕಟ್ಟಿನ ವಾಸಕ್ಕೆ ಪ್ರತಿಯಾಗಿ ಬಿಸಿಲು, ಗಾಳಿ, ವ್ಯಾಯಾಮಗಳನ್ನು ಪ್ರತಿಪಾದಿಸಿದ ಅಲ್ಲಿನ ಜೀವನ ಸುಧಾರಣಾ ಆಂದೋಲನದ ಒಂದು ಕವಲಾಗಿ ಅದು ಹಬ್ಬಿತು. 1933ರಲ್ಲಿ ಅಧಿಕಾರಕ್ಕೆ ಬಂದ ನಾಜಿ ಸರ್ಕಾರವು ಇಂಥ ಸಂಘಗಳ ಮೇಲೆ ನಿರ್ಬಂಧ ಹೇರಿತು. ಇಂಗ್ಲೆಂಡಿನಲ್ಲಿ 1922ರಲ್ಲಿ ಆರಂಭವಾದ ಸಂಘವು 'ಜಿಮ್ನೊಸೊಫಿ' ಎಂಬ ಪದವನ್ನು ತನ್ನ ಹೆಸರಿನಲ್ಲಿ ಸೇರಿಸಿಕೊಂಡಿತು. ಅಲೆಕ್ಸಾಂಡರನ ಕಾಲದ ಗ್ರೀಕರು ಭಾರತದಲ್ಲಿ ಕಂಡ ವಿವಸ್ತ್ರ ತಪಸ್ವಿಗಳನ್ನು 'ನಗ್ನ ಜ್ಞಾನಿಗಳು' ಎಂಬ ಅರ್ಥದಲ್ಲಿ 'ಜಿಮ್ನೊಸೊಫಿಸ್ಟ'ರೆಂದು ಕರೆದಿದ್ದರು. ಈ ಪದದ ಮೂಲ ಅದೇ.

ಅಂತರರಾಷ್ಟ್ರೀಯ ಒಕ್ಕೂಟ

ಎರಡನೆಯ ಮಹಾಯುದ್ಧದ ನಂತರ ವಿವಿಧ ದೇಶಗಳ ಸಂಘಗಳು ಮತ್ತೆ ಒಂದುಗೂಡತೊಡಗಿದವು. 1953ರಲ್ಲಿ ಫ್ರಾನ್ಸಿನ ಅಟ್ಲಾಂಟಿಕ್ ಕರಾವಳಿಯ ಮೊಂತಾಲಿವೆಯಲ್ಲಿ ಅಂತರರಾಷ್ಟ್ರೀಯ ನಗ್ನತಾವಾದಿ ಒಕ್ಕೂಟ (ಐ.ಎನ್.ಎಫ್.) ಸ್ಥಾಪನೆಯಾಯಿತು. 1974ರಲ್ಲಿ ಫ್ರಾನ್ಸಿನ ಆಗ್ದ್ ಎಂಬಲ್ಲಿ ನಡೆದ ಅಧಿವೇಶನವು ನಗ್ನತಾವಾದಕ್ಕೆ ಒಂದು ವ್ಯಾಖ್ಯೆಯನ್ನು ಅಂಗೀಕರಿಸಿತು. ಅದರಂತೆ ನಗ್ನತಾವಾದವು ಪ್ರಕೃತಿಯೊಡನೆ ಹೊಂದಿಕೊಂಡು ಬಾಳುವ ಒಂದು ಕ್ರಮ. ಸಾಮೂಹಿಕ ನಗ್ನತೆಯು ಅದರ ಲಕ್ಷಣ. ಆತ್ಮಗೌರವ, ಪರರ ಬಗೆಗಿನ ಗೌರವ ಮತ್ತು ಪರಿಸರದ ಬಗೆಗಿನ ಗೌರವವನ್ನು ಬೆಳೆಸುವುದು ಅದರ ಗುರಿ.

ಸಂಘಟನೆಯ ಹಂತಗಳು

ತಳಹಂತದಲ್ಲಿ ಸ್ಥಳೀಯ ಸಂಘಗಳು ಮತ್ತು ಶಿಬಿರ ತಾಣಗಳಿವೆ. ಅನುಮತಿಯಿಲ್ಲದೆ ಛಾಯಾಚಿತ್ರ ತೆಗೆಯಬಾರದು, ಕುಳಿತುಕೊಳ್ಳುವಾಗ ಟವೆಲ್ ಹಾಸಿಕೊಳ್ಳಬೇಕು, ಲೈಂಗಿಕ ವರ್ತನೆಗೆ ಅವಕಾಶವಿಲ್ಲ ಎಂಬಂಥ ನಿಯಮಗಳು ಸಾಮಾನ್ಯವಾಗಿ ಈ ಹಂತದಲ್ಲಿಯೇ ಜಾರಿಯಲ್ಲಿರುತ್ತವೆ. ನಿಯಮ ಮೀರಿದವರನ್ನು ತಾಣದಿಂದ ಹೊರಗೆ ಕಳುಹಿಸಲಾಗುತ್ತದೆ.

ಎರಡನೆಯ ಹಂತದಲ್ಲಿ ರಾಷ್ಟ್ರೀಯ ಒಕ್ಕೂಟಗಳಿವೆ. 1949ರಲ್ಲಿ ಸ್ಥಾಪನೆಯಾದ ಜರ್ಮನ್ ಒಕ್ಕೂಟವು ಆ ದೇಶದ ಒಲಿಂಪಿಕ್ ಕ್ರೀಡಾ ಒಕ್ಕೂಟದ ಸದಸ್ಯ ಸಂಸ್ಥೆಯೂ ಆಗಿದೆ. ಅಮೆರಿಕದಲ್ಲಿ 1931ರಲ್ಲಿ ಆರಂಭವಾದ ಸಂಘಟನೆಯು 1995ರಿಂದ 'ಅಮೆರಿಕನ್ ಅಸೋಸಿಯೇಷನ್ ಫಾರ್ ನ್ಯೂಡ್ ರಿಕ್ರಿಯೇಷನ್' ಎಂಬ ಹೆಸರಿನಲ್ಲಿ ಕೆಲಸ ಮಾಡುತ್ತಿದೆ. ಸರ್ಕಾರದೊಡನೆ ವ್ಯವಹರಿಸುವುದು, ಕಾನೂನು ಬದಲಾವಣೆಗಳ ಮೇಲೆ ನಿಗಾ ಇಡುವುದು ಇಂಥ ಒಕ್ಕೂಟಗಳ ಕೆಲಸ.

ಮೂರನೆಯ ಹಂತ ಐ.ಎನ್.ಎಫ್. ಸಾಮಾನ್ಯವಾಗಿ ಎರಡು ವರ್ಷಗಳಿಗೊಮ್ಮೆ ಸೇರುವ ವಿಶ್ವ ಅಧಿವೇಶನದಲ್ಲಿ ರಾಷ್ಟ್ರೀಯ ಒಕ್ಕೂಟಗಳ ಪ್ರತಿನಿಧಿಗಳು ಭಾಗವಹಿಸಿ ಪದಾಧಿಕಾರಿಗಳನ್ನು ಆರಿಸುತ್ತಾರೆ. ಇಂಗ್ಲಿಷ್, ಫ್ರೆಂಚ್ ಮತ್ತು ಜರ್ಮನ್ ಅದರ ವ್ಯವಹಾರ ಭಾಷೆಗಳು. ಐ.ಎನ್.ಎಫ್. ಮುದ್ರೆಯುಳ್ಳ ರಾಷ್ಟ್ರೀಯ ಸದಸ್ಯತ್ವದ ಚೀಟಿಗೆ ಇತರ ದೇಶಗಳ ತಾಣಗಳಲ್ಲಿಯೂ ಮನ್ನಣೆ ಇದೆ. ಹೊಸಬರ ಪರಿಚಯ ಮತ್ತು ನಡತೆಯ ಬಗ್ಗೆ ಅದು ಒಂದು ಬಗೆಯ ಖಾತರಿಯಾಗಿದೆ.

ಕರ್ನಾಟಕದ ಪರಂಪರೆಗಳೊಡನೆ ಹೋಲಿಕೆ

ಕನ್ನಡ ನಾಡಿನಲ್ಲಿ ನಗ್ನತೆಗೆ ಬೇರೆಯೇ ಅರ್ಥಗಳಿವೆ. ದಿಗಂಬರ ಜೈನ ಮುನಿಗಳಿಗೆ ಅದು ಅಪರಿಗ್ರಹ ವ್ರತದ ಭಾಗ. ಶ್ರವಣಬೆಳಗೊಳದ ಗೊಮ್ಮಟ ಮೂರ್ತಿಯು ಈ ತ್ಯಾಗದ ಪ್ರತೀಕ. 12ನೆಯ ಶತಮಾನದ ಅಕ್ಕಮಹಾದೇವಿಯು ಉಡುಪನ್ನು ತೊರೆದು ಕೇಶಾಂಬರೆಯಾದಳೆಂಬುದು ಶರಣ ಪರಂಪರೆಯ ನಂಬಿಕೆ. ಇವು ವ್ಯಕ್ತಿಯ ವೈರಾಗ್ಯದ ಮಾರ್ಗಗಳೇ ಹೊರತು ವಿಹಾರ ಅಥವಾ ಆರೋಗ್ಯದ ಕ್ರಮಗಳಲ್ಲ.

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಹರಕೆ ಹೊತ್ತ ಭಕ್ತರು ವರದಾ ನದಿಯಲ್ಲಿ ಮಿಂದು, ಬೆತ್ತಲೆಯಾಗಿ ರೇಣುಕಾಂಬೆಯ ಗುಡಿಗೆ ಸಾಗುವ ಪದ್ಧತಿ ಇತ್ತು. ದಲಿತ ಸಂಘರ್ಷ ಸಮಿತಿ ಮತ್ತಿತರ ಸಂಘಟನೆಗಳು ಇದನ್ನು ವಿರೋಧಿಸಿದವು. 1986ರ ಮಾರ್ಚ್‌ನಲ್ಲಿ ಕಾರ್ಯಕರ್ತರು ಹಾಗೂ ಪೊಲೀಸರ ಮೇಲೆ ಗುಂಪು ಹಲ್ಲೆ ನಡೆಸಿ, ಪೊಲೀಸರನ್ನೇ ವಿವಸ್ತ್ರಗೊಳಿಸಿತು. ಆ ಬಳಿಕ ಸರ್ಕಾರವು ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಹರಕೆಯ ಭಯ, ಬಡತನ ಮತ್ತು ಜಾತಿಯ ಒತ್ತಡಗಳ ನಡುವೆ ನೀಡುವ ಒಪ್ಪಿಗೆಯನ್ನು ಸ್ವತಂತ್ರ ಸಮ್ಮತಿ ಎನ್ನಲಾಗದು ಎಂಬುದು ಇಂಥ ಸೇವೆಯ ವಿರುದ್ಧದ ಮುಖ್ಯ ಆಕ್ಷೇಪ. ನಗ್ನತಾವಾದಿ ಸಂಘಗಳ ಸದಸ್ಯತ್ವ, ಛಾಯಾಚಿತ್ರ ನಿರ್ಬಂಧ ಮತ್ತು ನಡತೆಯ ನಿಯಮಗಳೂ ಇದೇ ಸಮ್ಮತಿಯ ಪ್ರಶ್ನೆಗೆ ಸಂಬಂಧಿಸಿದವು.

ಭಾರತದ ಕಾನೂನು

ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಕಿರಿಕಿರಿಯಾಗುವಂತೆ ಅಶ್ಲೀಲವಾಗಿ ವರ್ತಿಸುವುದು ಭಾರತೀಯ ದಂಡ ಸಂಹಿತೆಯ 294ನೆಯ ಕಲಮಿನಡಿ ಅಪರಾಧವಾಗಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 296ನೆಯ ಕಲಮು ಇದಕ್ಕೆ ಅನ್ವಯಿಸುತ್ತದೆ. ಮೂರು ತಿಂಗಳವರೆಗಿನ ಸೆರೆವಾಸ, 1,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು. ನಗ್ನ ಚಿತ್ರವೊಂದು ನಗ್ನವಾಗಿದೆ ಎಂಬ ಕಾರಣಕ್ಕೇ ಅಶ್ಲೀಲವಾಗದು, ಅದರ ಸಂದರ್ಭ ಮತ್ತು ಸಮಕಾಲೀನ ಸಮಾಜದ ಮಾನದಂಡವನ್ನು ಪರಿಗಣಿಸಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2014ರ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಹೇಳಿತು. ಆ ತೀರ್ಪು ಪತ್ರಿಕೆಯಲ್ಲಿ ಅಚ್ಚಾದ ಚಿತ್ರವೊಂದಕ್ಕೆ ಸಂಬಂಧಿಸಿದ್ದು, ಸಾರ್ವಜನಿಕ ನಗ್ನತೆಗಲ್ಲ.