ಅಂಗಡಿ ಬಾಗಿಲು ತೆರೆಯುವ ಮೊದಲು

ಬೆಳಿಗ್ಗೆ ಆರೂವರೆ ದಾಟಿದೆ. ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನ ಷಟರುಗಳು ಇನ್ನೂ ಎದ್ದಿಲ್ಲ. ಕಾಮರಾಜ ರಸ್ತೆಯ ಕಡೆಯಿಂದ ಕಡ್ಡಿ ಪೊರಕೆಗಳ ಸದ್ದು ಪರಪರ ಎನ್ನುತ್ತ ಹತ್ತಿರವಾಗುತ್ತದೆ. ಸೀರೆಯ ಮೇಲೆ ಕೋಟು ತೊಟ್ಟು, ತಲೆಗೆ ಬಟ್ಟೆ ಸುತ್ತಿಕೊಂಡ ಹೆಂಗಸರು ತಳ್ಳುಗಾಡಿ ನೂಕುತ್ತ ಬರುತ್ತಾರೆ. ನಿನ್ನೆಯ ವ್ಯಾಪಾರವೆಲ್ಲ ನೆಲದ ಮೇಲಿದೆ: ಚಪ್ಪಲಿ ಡಬ್ಬಿಯ ರಟ್ಟು, ಗುಂಡುಸೂಜಿ, ಜೋಳದ ದಿಂಡು, ಪಾನಿಪೂರಿಯ ದೊನ್ನೆ. ಹಾಸುಗಲ್ಲಿನ ಸಂದಿಗೆ ಸಿಕ್ಕಿದ ಜರಿಚೂರು ಪೊರಕೆಗೆ ಜಗ್ಗುವುದಿಲ್ಲ, ಬಗ್ಗಿ ಬೆರಳಲ್ಲೇ ಎತ್ತಬೇಕು. ತಮ್ಮತಮ್ಮಲ್ಲಿ ತೆಲುಗು, ಮೇಸ್ತ್ರಿಯ ಹತ್ತಿರ ಕನ್ನಡ, ಟೀ ಅಂಗಡಿಯವನ ಹತ್ತಿರ ದಖನಿ. “ಅಕ್ಕಾ, ಮಸ್ಟರಿಂಗ್ ಆಯ್ತಾ?” ಹಾಜರಿ ಬೀಳದಿದ್ದರೆ ದಿನದ ದುಡಿಮೆ ಲೆಕ್ಕಕ್ಕಿಲ್ಲ.

ದಂಡುಪ್ರದೇಶದ ಹಳೆಯ ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿಗಳು ಇಂದಿಗೂ ಉಳಿದಿವೆ. ಮಲದ ಬುಟ್ಟಿ ಹೊತ್ತವರು ಮುಂಬಾಗಿಲಿನವರ ಕಣ್ಣಿಗೆ ಬೀಳದೆ ಓಡಾಡಲೆಂದು ಮಾಡಿದ ದಾರಿಗಳು ಅವು. ದೇವರಾಜ ಅರಸು ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ 1970ರ ದಶಕದಲ್ಲಿ ಆ ಬುಟ್ಟಿಯನ್ನು ತಲೆಯಿಂದ ಇಳಿಸಿದರು. ಐ.ಪಿ.ಡಿ. ಸಾಲಪ್ಪ ವರದಿ 500 ಜನಕ್ಕೊಬ್ಬ ಪೌರಕಾರ್ಮಿಕ ಬೇಕೆಂದಿತು. ಮಲ ಹೊರುವುದನ್ನು ನಿಷೇಧಿಸುವ ಕೇಂದ್ರದ ಕಾಯ್ದೆಗಳು 1993ರಲ್ಲಿ, ಮತ್ತೆ 2013ರಲ್ಲಿ ಬಂದವು. ಬುಟ್ಟಿ ಇಳಿದ ಕೈಗೆ ಪೊರಕೆ ಬಂತು. ಕಸ ಗುತ್ತಿಗೆದಾರರ ಪಾಲಾದ ಮೇಲೆ ಕೂಲಿಯೂ ಅವರ ಮರ್ಜಿಗೆ ಬಿತ್ತು: ತಿಂಗಳುಗಟ್ಟಲೆ ಬಾಕಿ, ಖಾತೆಗೆ ಜಮೆಯಾಗದ ಪಿ.ಎಫ್. ಅಮೆರಿಕದಲ್ಲಿ 1865ರಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರಲ್ಲಿ ಎಷ್ಟೋ ಮಂದಿ ಹಳೆಯ ಯಜಮಾನನ ಹೊಲದಲ್ಲೇ ಪಾಲಿಗೆ ದುಡಿದು ಸಾಲದಲ್ಲಿ ಮುಳುಗಿದರು. ಇಲ್ಲಿಯೂ ಕಾನೂನು ಬಿಡಿಸಿದ್ದನ್ನು ಜಾತಿ ಮತ್ತು ಗುತ್ತಿಗೆ ಸೇರಿ ಮತ್ತೆ ಕಟ್ಟಿಹಾಕಿದವು.

ಬಿಸಿಲೇರುತ್ತದೆ. ಷಟರುಗಳು ಗಡಗಡನೆ ಮೇಲೇಳುತ್ತವೆ. ಗುಡಿಸಿದ ಮೆಟ್ಟಿಲಿಗೆ ಅಂಗಡಿಯ ಹುಡುಗ ನೀರು ಚಿಮುಕಿಸಿ ಊದುಬತ್ತಿ ಹಚ್ಚುತ್ತಾನೆ. ಹೆಂಗಸರು ಡಬ್ಬಿ ಬಿಚ್ಚುವುದು ತಳ್ಳುಗಾಡಿಯ ಪಕ್ಕದಲ್ಲೇ. ಶೌಚಕ್ಕೆ ಎಲ್ಲಿಗೆ ಹೋಗುವುದು ಎಂಬುದು ಮಾತ್ರ ದಿನವೂ ಹೊಸದಾಗಿ ಹುಟ್ಟುವ ಪ್ರಶ್ನೆ.

ಕೆಲಸ ನಿಲ್ಲಿಸಿ ಬೀದಿಗಿಳಿದ ಮೇಲೆಯೇ ಕೆಲವು ಬಾಗಿಲು ತೆರೆದದ್ದು. 2022ರ ಮುಷ್ಕರ ಕಾಯಮಾತಿಯ ಭರವಸೆ ತಂದಿತು. 2025ರ ಮೇ 1ರಂದು 12,692 ಪೌರಕಾರ್ಮಿಕರಿಗೆ ನೇಮಕಾತಿ ಪತ್ರ ಸಿಕ್ಕಿತು. ಆಟೋ ಟಿಪ್ಪರ್ ಓಡಿಸುವವರು, ಕಸ ತುಂಬುವವರು ಆ ಪಟ್ಟಿಯ ಹೊರಗೇ ಉಳಿದರು. ಇವರೆಲ್ಲರ ನೌಕರಿ ಕಾಯಂ ಆಗಲೇಬೇಕು. ಪೊರಕೆ ಮಾತ್ರ ಇವರ ಮಕ್ಕಳಿಗೂ ಕಾಯಂ ಆಗಬಾರದು. ಆ ಎರಡನೆಯದಕ್ಕೆ ಯಾವ ಸರ್ಕಾರವೂ ಇನ್ನೂ ಆದೇಶ ಹೊರಡಿಸಿಲ್ಲ.